ಮನೆ ತುಂಬ ಜನರಿರುವಾಗ ಮಗಳಿಗೆ ಕೌನ್ಸೆಲಿಂಗ್ ಏಕೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದು ಕೂಡುಕುಟುಂಬ. ಪ್ಲಸ್ ವನ್‌ಗೆ (ಹನ್ನೊಂದನೇ ತರಗತಿಗೆ) ಸೇರಿದ ಮೇಲೆ ಮಗಳು ಮಂಕಾಗಿದ್ದಾಳೆ. ಕೌನ್ಸೆಲಿಂಗ್ ಕೊಡಿಸಿ ಎಂದು ಶಾಲೆಯವರು ಹೇಳುತ್ತಾರೆ. ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಇರುವಾಗ ಅದರ ಅಗತ್ಯವಿದೆಯೇ?

ಉತ್ತರ: ಇದೆ. ಪೋಷಕರ ಸಭೆಗಳಲ್ಲಿ ಇಷ್ಟು ಸಲ ಹೇಳಿದ ಮೇಲೂ ಈ ಪ್ರಶ್ನೆ ಮತ್ತೆ ಬರುತ್ತದೆ. ಮನೆಯಲ್ಲಿ ಜನರಿದ್ದರೆ ಮಕ್ಕಳ ಮನಸ್ಸಿಗೆ ಏನೂ ಆಗದೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ.

ಸುತ್ತ ಎಷ್ಟು ಜನರಿದ್ದಾರೆ ಎಂಬುದು ಒಂದು ವಿಷಯ, ಕಷ್ಟ ಬಂದಾಗ ತನಗೆ ಆಗುವವರು ಇದ್ದಾರೆ ಎಂದು ಮಗುವಿಗೆ ಅನ್ನಿಸುವುದು ಇನ್ನೊಂದು. ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ 1985ರಲ್ಲಿ ಈ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಹತ್ತು ಜನರ ಒಡನಾಟದಿಂದ ಒಳಿತಿದೆ, ನಿಜ. ಆದರೆ ಒತ್ತಡದ ಪೆಟ್ಟನ್ನು ತಗ್ಗಿಸುವುದು ಮುಖ್ಯವಾಗಿ ಎರಡನೆಯದು, ಅಂದರೆ ಬೇಕಾದಾಗ ಬೇಕಾದ ಬಗೆಯ ಆಸರೆ ಸಿಗುತ್ತದೆಂಬ ಭರವಸೆ.

ತರಗತಿಯಲ್ಲಿ ಪಾಠ ಅರ್ಥವಾಗುತ್ತಿಲ್ಲವೆಂದು ಮಗಳು ಊಟದ ಹೊತ್ತಿಗೆ ಹೇಳಿದಳೆನ್ನಿ. ಅಜ್ಜಿ ತಮ್ಮ ಕಾಲದ ಕಷ್ಟಗಳನ್ನು ವಿವರಿಸುತ್ತಾರೆ, ಚಿಕ್ಕಪ್ಪ ಮಂಗಳೂರಿನಲ್ಲಿ ಓದುವ ಅಣ್ಣನ ಅಂಕಗಳನ್ನು ನೆನಪಿಸುತ್ತಾರೆ, ಮುಂದಿನ ಪೂಜೆಯ ಹೊತ್ತಿಗೆ ವಿಷಯ ನೆಂಟರಿಗೆಲ್ಲ ತಿಳಿದಿರುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೂ ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಮುಟ್ಟುತ್ತದೆಂದು ಕಂಡುಕೊಂಡ ಹುಡುಗಿ ಮರುದಿನದಿಂದ ಬಾಯಿ ಬಿಡುವುದಿಲ್ಲ. ತುಂಬಿದ ಮನೆಯಲ್ಲಿ ಒಂಟಿತನ ಹುಟ್ಟುವ ಒಂದು ಬಗೆ ಇದು. ಕೂಡುಕುಟುಂಬವನ್ನು ನಾನು ದೂರುತ್ತಿಲ್ಲ. ಕೇಳಿದ್ದನ್ನು ತನ್ನಲ್ಲೇ ಇಟ್ಟುಕೊಂಡು, ಬುದ್ಧಿ ಹೇಳುವ ಮೊದಲು ಪೂರ್ತಿ ಕೇಳುವ ಚಿಕ್ಕಮ್ಮ ಒಬ್ಬರಿದ್ದರೆ ಅದೇ ಮನೆ ದೊಡ್ಡ ಆಸರೆಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದ ಏಳು ಮಕ್ಕಳಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿರುತ್ತದೆ. ಮಂಕುತನ, ನಿದ್ರೆ ಹಾಗೂ ಊಟದ ಏರುಪೇರು, ಇಷ್ಟದ ಕೆಲಸಗಳಲ್ಲಿ ನಿರಾಸಕ್ತಿ ಇವು ಎರಡು ವಾರ ಮುಂದುವರಿದರೆ ವೈದ್ಯರಿಗೂ ತೋರಿಸಬೇಕು. ಸಾಯುವ ಮಾತು ಬಂದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಬಗ್ಗೆ ನೇರವಾಗಿ ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು: ಮಗಳು ಯಾವ ಭಾಷೆಯಲ್ಲಿ ಮಾತನಾಡುತ್ತಾಳೆ? ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಕಾಸರಗೋಡಿನ ಮಕ್ಕಳು ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪಾಠ, ಮಲಯಾಳ ಮಾತನಾಡುವ ಹೊಸ ಸಹಪಾಠಿಗಳು ಎರಡನ್ನೂ ಒಟ್ಟಿಗೆ ಎದುರಿಸುತ್ತಾರೆ. ಹಳೆಯ ಗೆಳತಿಯರು ಬೇರೆ ಬೇರೆ ಶಾಲೆ ಸೇರಿರುತ್ತಾರೆ. ಅಂಗಡಿಯಲ್ಲಿ ಸಲೀಸಾಗಿ ಮಲಯಾಳ ಮಾತನಾಡುವ ಹುಡುಗಿಗೂ ದುಃಖವನ್ನು ಹೇಳಿಕೊಳ್ಳಲು ಮನೆಮಾತೇ ಬೇಕಾಗಬಹುದು. ಕನ್ನಡ ಬಲ್ಲ ಕೌನ್ಸೆಲರ್ ಸಿಗುತ್ತಾರೆಯೇ ಎಂದು ಶಾಲೆಯಲ್ಲಿ ಸಂಕೋಚವಿಲ್ಲದೆ ವಿಚಾರಿಸಿ. ಸಿಗದಿದ್ದರೆ 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡವನ್ನು ಆರಿಸಿಕೊಳ್ಳಬಹುದು. ಭಾಷಾಂತರಕ್ಕೆಂದು ಮನೆಯವರನ್ನು ಮಾತ್ರ ಜೊತೆಗೆ ಕೂರಿಸಬೇಡಿ. ಕೂರಿಸಿದರೆ ಅವಳ ಮಾತು ಪುನಃ ಊಟದ ಹೊತ್ತಿನ ಚರ್ಚೆಯಾಗುತ್ತದೆ.