ಅನುಮಸ್ತಿಷ್ಕ: ತಪ್ಪು ತಿದ್ದುವ ಕಿರುಮೆದುಳು

ಅನುಮಸ್ತಿಷ್ಕ ಅಂದರೆ ಮೈಯ ಸಮತೋಲನ ಕಾಯುವ ಭಾಗ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ.

ಮೊದಲು ಹೆಸರು. ಕೆಲವರು ಇದನ್ನು ‘ಅಣುಮಸ್ತಿಷ್ಕ’ ಎಂದು ಬರೆದುಬಿಡುತ್ತಾರೆ. ಇಲ್ಲಿರುವುದು ಅಣುವಲ್ಲ, ‘ಅನು’. ಹಿಂದೆ ಬರುವ, ಜೊತೆಗೆ ಸಾಗುವ ಎಂಬ ಅರ್ಥ. ‘ಅನುಜ’, ‘ಅನುಸರಿಸು’ ಪದಗಳಲ್ಲಿರುವುದೂ ಇದೇ. ಇಂಗ್ಲಿಷಿನ ‘ಸೆರೆಬೆಲಮ್’ ಲ್ಯಾಟಿನ್ ಮೂಲದ್ದು, ಪುಟ್ಟ ಮೆದುಳು ಎಂದರ್ಥ. ನನ್ನನ್ನು ಕೇಳಿದರೆ ‘ಕಿರುಮೆದುಳು’ ಅನ್ನುವುದೇ ಬಾಯಿಗೆ ಸುಲಭ.

ಇದು ಇರುವುದು ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗೆ. ತೂಕದಲ್ಲಿ ಇಡೀ ಮೆದುಳಿನ ಸುಮಾರು ಹತ್ತನೇ ಒಂದು ಪಾಲು, ಅಷ್ಟೇ. ಆದರೆ ಎಣಿಕೆಗೆ ಇಳಿದರೆ ಲೆಕ್ಕ ತಿರುಗಿಬೀಳುತ್ತದೆ. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ! ಬಹುಪಾಲು ಗ್ರ್ಯಾನ್ಯೂಲ್ ಕೋಶಗಳೆಂಬ ಪುಟಾಣಿಗಳು. ಮೇಲ್ಮೈ ತೆಳುವಾದ ಮಡಿಕೆಗಳಲ್ಲಿ ಒತ್ತೊತ್ತಾಗಿ ಮಡಚಿಕೊಂಡಿರುವುದರಿಂದ ಇಷ್ಟು ಕಡಿಮೆ ಜಾಗದಲ್ಲಿ ಎಲ್ಲವೂ ಹಿಡಿಸುತ್ತದೆ. ಎಡಕ್ಕೊಂದು ಬಲಕ್ಕೊಂದು ಗೋಳಾರ್ಧ, ನಡುವೆ ವರ್ಮಿಸ್. ಅಂದರೆ ಹುಳು. ಸೀಳಿ ನೋಡಿದರೆ ಒಳಗಿನ ಬಿಳಿ ಭಾಗ ಕವಲೊಡೆದ ಮರದಂತೆ ಕಾಣುತ್ತದೆ. ಅದಕ್ಕೆ ‘ಜೀವವೃಕ್ಷ’ ಎಂಬ ಚಂದದ ಹೆಸರಿದೆ.

ಇಲ್ಲಿನ ನಿಜವಾದ ನಾಯಕ ಪುರ್ಕಿನ್ಯೆ ಕೋಶ. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 1837ರಲ್ಲಿ ಇದನ್ನು ವಿವರಿಸಿದರು. ಬೀಸಣಿಗೆಯಂತೆ ಹರಡಿದ ಇದರ ಕೊಂಬೆಗಳಿಗೆ ಲಕ್ಷಕ್ಕೂ ಜಾಸ್ತಿ ಎಳೆಗಳು ಸುದ್ದಿ ತರುತ್ತವೆ. ಇದು ಹೊರಗೆ ಕಳಿಸುವ ಸಂದೇಶ ಮಾತ್ರ ಒಂದೇ ಬಗೆಯದು: ತಡೆ, ಅಂದರೆ ಮುಂದಿನ ನರಕೋಶವನ್ನು ಸುಮ್ಮನಿರಿಸುವುದು. ಎಷ್ಟು ತಡೆಯಬೇಕು, ಯಾವಾಗ ಬಿಡಬೇಕು ಎಂಬುದರಲ್ಲೇ ಇದರ ಜಾಣ್ಮೆ.

ಈಗ ಕೆಲಸ. ನೀವು ಲೋಟಕ್ಕೆ ಕೈ ಚಾಚುತ್ತೀರಿ. ಅಪ್ಪಣೆ ಹೊರಡುವುದು ದೊಡ್ಡ ಮೆದುಳಿನಿಂದ. ಅದರ ಒಂದು ನಕಲು ಅನುಮಸ್ತಿಷ್ಕಕ್ಕೂ ಬರುತ್ತದೆ. ಕೈ ಎಲ್ಲಿದೆ ಎಂಬ ವರದಿ ಸ್ನಾಯು, ಕೀಲುಗಳಿಂದ ಬರುತ್ತದೆ. ಎರಡನ್ನೂ ತಾಳೆ ನೋಡಿ, ತಪ್ಪಿದ್ದಲ್ಲಿ ಅದು ತಿದ್ದುತ್ತದೆ. ಮುಂದೇನಾಗಬಹುದು ಎಂದು ಮೊದಲೇ ಊಹಿಸುತ್ತದೆ ಕೂಡ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಅಲ್ವಾ? ಆ ಸ್ಪರ್ಶವನ್ನು ಅನುಮಸ್ತಿಷ್ಕ ಮುಂಚೆಯೇ ಲೆಕ್ಕ ಹಾಕಿರುತ್ತದೆ. ಸೈಕಲ್ ಕಲಿಯುವಾಗ ಬಿದ್ದು ಬಿದ್ದು ಕೊನೆಗೊಂದು ದಿನ ಸಲೀಸಾಗುವುದರ ಹಿಂದೆಯೂ ಇದರ ತಿದ್ದುಪಡಿಗಳಿವೆ. ಭಾಷೆ, ಯೋಜನೆ, ಭಾವನೆಗಳಲ್ಲೂ ಇದಕ್ಕೆ ಪಾತ್ರವಿದೆ ಎಂಬುದು ಈಚಿನ ದಶಕಗಳಲ್ಲಿ ಗಟ್ಟಿಯಾದ ತಿಳಿವಳಿಕೆ.

ಇದಕ್ಕೆ ಪೆಟ್ಟಾದರೆ ಲಕ್ವ ಹೊಡೆಯುವುದಿಲ್ಲ. ಕೈಕಾಲು ಆಡುತ್ತವೆ, ಆದರೆ ಅಳತೆ ತಪ್ಪುತ್ತದೆ. ಲೋಟದ ಹತ್ತಿರ ಬರುತ್ತಿದ್ದಂತೆ ಕೈ ನಡುಗುತ್ತದೆ, ಇಲ್ಲವೇ ಅದನ್ನು ದಾಟಿ ಹೋಗುತ್ತದೆ. ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಕುಡಿದವರಲ್ಲಿ ಕಾಣುವುದೂ ಬಹುಮಟ್ಟಿಗೆ ಇದೇ. ಇನ್ನೊಂದು ವಿಚಿತ್ರವಿದೆ. ದೊಡ್ಡ ಮೆದುಳಿನ ಎಡಭಾಗ ಮೈಯ ಬಲಭಾಗವನ್ನು ನೋಡಿಕೊಂಡರೆ, ಅನುಮಸ್ತಿಷ್ಕದ ಬಲಭಾಗ ಬಲಗೈಯನ್ನೇ ನೋಡಿಕೊಳ್ಳುತ್ತದೆ.

ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡೇಟು ತಿಂದ ಸೈನಿಕರನ್ನು ಪರೀಕ್ಷಿಸಿ ಇದನ್ನೆಲ್ಲ ವಿವರವಾಗಿ ದಾಖಲಿಸಿದವರು ಬ್ರಿಟನ್ನಿನ ವೈದ್ಯ ಗಾರ್ಡನ್ ಹೋಮ್ಸ್. ಅನುಮಸ್ತಿಷ್ಕದ ಬಲಭಾಗಕ್ಕೆ ಪೆಟ್ಟಾದ ಅವರ ರೋಗಿಯೊಬ್ಬ ತನ್ನ ಪಾಡನ್ನು ಹೇಳಿಕೊಂಡಿದ್ದ. ಎಡಗೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಬಲಗೈಯ ಒಂದೊಂದು ಚಲನೆಯನ್ನೂ ತಾನು ಯೋಚಿಸಿಯೇ ಮಾಡಬೇಕು ಎಂದು.