ಮೊದಲು ತಂಬೂರಿಯನ್ನು ನಿಲ್ಲಿಸಿ

ಧಾರವಾಡದಲ್ಲಿ ಪೇಟಿ (ಹಾರ್ಮೋನಿಯಂ) ಮತ್ತು ತಂಬೂರಿಗಳ ದುರಸ್ತಿಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನಲ್ಲಿಗೆ ಜವಾರಿ ತೆಗೆಸಲು, ಅಂದರೆ ತಂಬೂರಿಯ ತಂತಿಗಳನ್ನು ಹೊರುವ ಕುದುರೆಯನ್ನು ಉಜ್ಜಿ ನಾದ ತಿದ್ದಿಸಲು, ಗಾಯಕರು, ರೀಡು ಸರಿಪಡಿಸಲು ಭಜನಾ ಮಂಡಳಿಯವರು ಬರುವುದು ವಾಡಿಕೆ. ಈಚೆಗೆ ಅವರೊಂದಿಗೆ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡ ಕೆಲವು ಎಳೆಯರೂ ಬರತೊಡಗಿದ್ದಾರೆ. ಸಪ್ತಕವನ್ನು, ಅಂದರೆ ಒಂದು ಸಾದಿಂದ ಎರಡು ಪಟ್ಟು ಕಂಪನದ ಮೇಲಿನ ಸಾ ತನಕದ ಅಂತರವನ್ನು, ಆಧರಿಸದ ಸ್ವರಶ್ರೇಣಿಗಳ ಬಗ್ಗೆ, ಅದರಲ್ಲೂ ಬೋಲೆನ್–ಪಿಯರ್ಸ್ ಶ್ರೇಣಿಯ ಬಗ್ಗೆ ಓದಿ, ತಂತ್ರಾಂಶದಲ್ಲಿ ಅದನ್ನು ಹೊಂದಿಸಿಕೊಂಡು, ನಾಲ್ಕು ದಿನ ನುಡಿಸಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾರೆ. “ಸರ, ಇದು ಬರೇ ಬೇಸೂರ ಐತ್ರಿ, ಇದರಾಗ ಸಂಗೀತ ಹೆಂಗ ಆಗತೈತ್ರಿ?” ಎಂಬುದು ಅವರ ಪ್ರಶ್ನೆ. ನುಡಿಸಿ ತೋರಿಸಿ ಎಂದರೆ ಅವರು ಮಾಡುವ ಮೊದಲ ಕೆಲಸವೆಂದರೆ ಮೊಬೈಲಿನಲ್ಲಿ ತಂಬೂರಿ ಹಚ್ಚುವುದು. ಅದು ಪ-ಸಾ-ಸಾ-ಸಾ ಎಂದು ಮಿಡಿಯತೊಡಗಿದ ಕ್ಷಣವೇ ಆ ಪ್ರಯೋಗ ಕೆಟ್ಟಿರುತ್ತದೆ. ಇದನ್ನು ನಾನು ಎಷ್ಟು ಜನರಿಗೆ, ಎಷ್ಟು ಸಲ ಹೇಳಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸವಾಯಿ ಗಂಧರ್ವರ, ಗಂಗೂಬಾಯಿ ಹಾನಗಲ್ಲರ, ಮಲ್ಲಿಕಾರ್ಜುನ ಮನಸೂರರ ಈ ಸೀಮೆಯಲ್ಲಿ ಹುಟ್ಟಿದ ಮಗು ತಂಬೂರಿಯಿಲ್ಲದೆ ಬಾಯಿ ತೆರೆಯಬಾರದು ಎಂದು ಕಲಿತೇ ಬೆಳೆಯುತ್ತದೆ, ಆ ಪಾಠವೂ ಸರಿಯಾದದ್ದೇ. ಆದರೆ ಅದು ಸಪ್ತಕದ ಸಂಗೀತಕ್ಕೆ ಸರಿಯಾದ ಪಾಠ. ಸಪ್ತಕದೊಳಗೆ ಎಷ್ಟು ಸ್ಥಾನಗಳಿವೆ ಎಂಬ ವಾದ ನಮಗೆ ಹಳೆಯದು. 22 ಶ್ರುತಿಗಳೆನ್ನುವವರಿದ್ದಾರೆ, ಪೇಟಿಯ 12 ಮನೆಗಳಿಗೆ (ಕೀಲಿಗಳಿಗೆ) ಒಗ್ಗಿಹೋದವರಿದ್ದಾರೆ. ಪೇಟಿಯ ಶ್ರುತಿ ಶುದ್ಧವಲ್ಲ, ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎಂಬ ಆಕ್ಷೇಪಗಳ ನಡುವೆ ಆಕಾಶವಾಣಿಯು 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿದ್ದೂ ಉಂಟು. ಈ ವಾದದಲ್ಲಿ ಯಾವ ಪಕ್ಷದವರೂ ಮಧ್ಯ ಷಡ್ಜ (ಸಾ) ಮತ್ತು ಅದರ ಮೇಲಿನ ತಾರ ಷಡ್ಜಗಳೆಂಬ ಎರಡು ಗೋಡೆಗಳನ್ನು ಮುಟ್ಟಲಿಲ್ಲ, ಜಗಳವೆಲ್ಲ ಆ ಗೋಡೆಗಳ ನಡುವಿನ ಜಾಗದ್ದು. ಬೋಲೆನ್–ಪಿಯರ್ಸ್ ಶ್ರೇಣಿಯು ಮೇಲಿನ ಗೋಡೆಯನ್ನೇ ತೆಗೆದುಬಿಡುತ್ತದೆ. ಸಾ ಮತ್ತು ತಾರ ಸಾ ನಡುವೆ 13 ಸ್ವರಗಳನ್ನು ತುರುಕಿ ಇದೇ ಆ ಶ್ರೇಣಿ ಎಂದು ತರುವವರಿಗೆ ಈ ಮಾತೊಂದೇ ಸಾಕು.

1970ರ ದಶಕದ ಆರಂಭದಲ್ಲಿ ಜರ್ಮನಿಯ ಎಂಜಿನಿಯರ್ ಹೈಂಟ್ಸ್ ಬೋಲೆನ್, 1978ರಲ್ಲಿ ಕೇಸ್ ವಾನ್ ಪ್ರೋಯೆನ್, 1984ರಲ್ಲಿ ಅಮೆರಿಕದ ಜಾನ್ ಪಿಯರ್ಸ್ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ ಇದೇ ಶ್ರೇಣಿಗೆ ಬಂದು ಮುಟ್ಟಿದರು. ಟ್ರಾನ್ಸಿಸ್ಟರಿಗೆ ಆ ಹೆಸರನ್ನು ಕೊಟ್ಟವರೂ ಈ ಪಿಯರ್ಸ್ ಅವರೇ. ಇದರಲ್ಲಿ ಸ್ವರಗಳು ಎರಡು ಪಟ್ಟು ಕಂಪನಕ್ಕೆ ಮರಳುವುದಿಲ್ಲ, ಮೂರು ಪಟ್ಟಿಗೆ ಮರಳುತ್ತವೆ. ಈ ಅಂತರಕ್ಕೆ ಟ್ರೈಟೇವ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಧ್ಯ ಷಡ್ಜದಿಂದ ತಾರ ಪಂಚಮದವರೆಗಿನ ದೂರ, ಸುಮಾರು 1902 ಸೆಂಟ್ (ಸ್ವರಾಂತರದ ಅಳತೆ, ಒಂದು ಸಪ್ತಕಕ್ಕೆ 1200). ಅದನ್ನು 13 ಸಮ ಮೆಟ್ಟಿಲುಗಳಾಗಿ ಒಡೆದರೆ ಒಂದೊಂದು ಮೆಟ್ಟಿಲು 146.3 ಸೆಂಟ್ ಆಗುತ್ತದೆ. ಪೇಟಿಯ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ ಎಂಬುದನ್ನು ನೆನೆದರೆ, ಮೊದಲ ಮೆಟ್ಟಿಲಿನಲ್ಲಿಯೇ ಬೆರಳು ಗಾಬರಿಗೊಳ್ಳುವುದೇಕೆಂದು ಅರ್ಥವಾಗುತ್ತದೆ.

ಈಗ ತಂಬೂರಿಯ ವಿಷಯಕ್ಕೆ ಬರುತ್ತೇನೆ, ಇದನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲೆಂದು ಮಧ್ಯ ಷಡ್ಜವನ್ನು ಸೆಕೆಂಡಿಗೆ 240 ಕಂಪನಗಳೆಂದು ಹಿಡಿಯೋಣ. ಆಗ ತಂಬೂರಿಯ ಜೋಡಿ ತಂತಿಗಳು 240, ಕೆಳ ಸಪ್ತಕದ ಸಾ ಆದ ಖರಜ 120, ಪಂಚಮದ ತಂತಿ 180. ಪ್ರತಿ ತಂತಿಯೂ ತನ್ನ ಮೂಲನಾದದ ಜೊತೆಗೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಉಪಸ್ವರಗಳನ್ನೂ ಹೊಮ್ಮಿಸುವುದರಿಂದ, ನೀವು ಏನನ್ನೂ ಹಾಡದಿದ್ದರೂ ಕೋಣೆಯಲ್ಲಿ 480ರ ತಾರ ಷಡ್ಜ ತುಂಬಿರುತ್ತದೆ, 360ರ ಪಂಚಮವೂ ತುಂಬಿರುತ್ತದೆ. ಬೋಲೆನ್–ಪಿಯರ್ಸ್ ಶ್ರೇಣಿಯ ಎಂಟನೆಯ ಮೆಟ್ಟಿಲು ಬೀಳುವುದು ಹೆಚ್ಚುಕಡಿಮೆ 472ಕ್ಕೆ. ಅಂದರೆ ತಾರ ಷಡ್ಜಕ್ಕಿಂತ ಸುಮಾರು 30 ಸೆಂಟ್ ಕೆಳಗೆ. ಐದನೆಯ ಮೆಟ್ಟಿಲು ಬೀಳುವುದು 366ಕ್ಕೆ. ಅಂದರೆ ಪಂಚಮಕ್ಕಿಂತ ಅಷ್ಟೇ ಮೇಲೆ. ಎಂಟನೆಯದನ್ನು ಒತ್ತಿದಾಗ ತಂಬೂರಿಯ 480ರೊಂದಿಗೆ ಅದು ಸೆಕೆಂಡಿಗೆ ಎಂಟು ಸಲ ಡಿಕ್ಕಿಯಾಗಿ ನಾದ ನಡುಗುತ್ತದೆ, ಐದನೆಯದು 360ರೊಂದಿಗೆ ಆರು ಸಲ ನಡುಗುತ್ತದೆ. ಷಡ್ಜವನ್ನು ಇಳಿಸಿ, ಪಂಚಮವನ್ನು ಏರಿಸಿ ಹಾಡುವ ಶಿಷ್ಯನಿಗೆ ಗುರುಗಳು ಏನು ಹೇಳುತ್ತಾರೋ, ತಂಬೂರಿಯು ಆ ಶ್ರೇಣಿಗೆ ಅದನ್ನೇ ಹೇಳುತ್ತಿದೆ. ಆ ಎಂಟನೆಯ ಮೆಟ್ಟಿಲು ಎಂದೂ ತಾರ ಷಡ್ಜವಾಗಲು ಹೊರಟದ್ದಲ್ಲ. ಅದನ್ನು ಷಡ್ಜದ ತಕ್ಕಡಿಯಲ್ಲಿ ತೂಗಿದವರು ನಾವು.

ತಂಬೂರಿ ನಿಲ್ಲಿಸಿದ ಮೇಲೂ ಅರ್ಧ ಕೆಲಸ ಉಳಿದಿರುತ್ತದೆ. ನುಡಿಸುವ ಧ್ವನಿಯೊಳಗೇ ಎರಡು ಪಟ್ಟಿನ ಉಪಸ್ವರ ಬಲವಾಗಿದ್ದರೆ ಸಪ್ತಕವು ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಒಂದು, ಮೂರು, ಐದು, ಏಳು ಎಂಬ ಬೆಸ ಪಟ್ಟುಗಳೇ ಪ್ರಧಾನವಾಗಿರುವ ಧ್ವನಿಯಲ್ಲಿ ಈ ಶ್ರೇಣಿಯನ್ನು ಕೇಳಬೇಕು. ಅಂಥ ವಾದ್ಯಕ್ಕಾಗಿ ದೂರ ಹೋಗಬೇಕಾಗಿಲ್ಲ, ಹುಬ್ಬಳ್ಳಿಯ ಮದುವೆ ಬ್ಯಾಂಡಿನ ಕ್ಲಾರಿನೆಟ್ಟನ್ನು ಗಮನಿಸಿದರೆ ಸಾಕು. ಒಂದು ತುದಿ ಮುಚ್ಚಿದ ನೇರ ಕೊಳವೆಯಾದುದರಿಂದ ಅದರ ಕೆಳಗಿನ ಸ್ವರಗಳಲ್ಲಿ ಸಮ ಪಟ್ಟುಗಳು ಕ್ಷೀಣವಾಗಿರುತ್ತವೆ. ಹೆಬ್ಬೆರಳಿನ ಕೀಲಿಯನ್ನು ಒತ್ತಿದಾಗ ಅದು ಕೊಳಲಿನಂತೆ ತಾರ ಷಡ್ಜಕ್ಕೆ ಹಾರದೆ ನೇರವಾಗಿ ತಾರ ಪಂಚಮಕ್ಕೆ ಹಾರುತ್ತದೆ. ಕೆನಡಾದ ವಾದ್ಯ ತಯಾರಕ ಸ್ಟೀಫನ್ ಫಾಕ್ಸ್ ಈ ಶ್ರೇಣಿಗೆಂದೇ ಕ್ಲಾರಿನೆಟ್ಟುಗಳನ್ನು ಮಾಡಿದ್ದು ಇದೇ ಕಾರಣಕ್ಕೆ.

ಎರಡು ವರ್ಷಗಳ ಹಿಂದೆ ಗದಗಿನಿಂದ ಬಂದ ಹುಡುಗನೊಬ್ಬ, ಪೇಟಿಯಲ್ಲಿಯೇ ಇದನ್ನು ಕೇಳಬೇಕೆಂದು ಹಟ ಹಿಡಿದ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಆದರೆ ಒಂದು ರೀಡನ್ನು ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ ಮಿತಿಯಿದೆ. ಆದ್ದರಿಂದ ಹಳೆಯ ರೀಡುಗಳ ಡಬ್ಬಿಯನ್ನು ನೆಲಕ್ಕೆ ಸುರಿದು, ಹತ್ತಿರ ಹತ್ತಿರದವನ್ನು ಆರಿಸಿ, 14 ಮನೆಗಳಿಗೆ ಅವನ್ನು ಕೂಡಿಸಿ, ಎರಡು ಸಂಜೆ ಕೆರೆದೆವು. ಅದು ಎರಡು ಸಾಲಿನ ಪೇಟಿಯಾಗಿದ್ದರಿಂದ ಖರಜದ ಸಾಲನ್ನು ಪೂರ್ತಿ ಮುಚ್ಚಬೇಕಾಯಿತು, ಇಲ್ಲವಾದರೆ ಒಂದೊಂದು ಮನೆಯೂ ತನ್ನ ಸಪ್ತಕವನ್ನು ತಾನೇ ನುಡಿಯುತ್ತಿತ್ತು. ಕೊನೆಗೆ ಸಾ, ಆರನೆಯ ಮೆಟ್ಟಿಲು, ಹತ್ತನೆಯ ಮೆಟ್ಟಿಲು, ಈ ಮೂರನ್ನು ಒಟ್ಟಿಗೆ ಒತ್ತಿದೆವು. ಇವು ಮೂರು–ಐದು–ಏಳರ ಅನುಪಾತಕ್ಕೆ, ಅಂದರೆ 240, 400, 560ಕ್ಕೆ, ಎರಡು ಕಂಪನದಷ್ಟೂ ದೂರವಿಲ್ಲ. ಪೇಟಿಯ ರೀಡಿನಲ್ಲಿ ಸಮ ಪಟ್ಟುಗಳೂ ಇರುವುದರಿಂದ ಅಲ್ಲಿ ಒರಟುತನ ಉಳಿಯಿತು. ಆ ಹುಡುಗ ಅದೇ ಮೂರು ಸ್ವರಗಳನ್ನು ಲ್ಯಾಪ್‌ಟಾಪಿನಲ್ಲಿ ಬೆಸ ಪಟ್ಟುಗಳಷ್ಟರಿಂದಲೇ ಕಟ್ಟಿ ಕೇಳಿಸಿದಾಗ ನಾದ ಅಲುಗದೆ ನಿಂತಿತು. ಜವಾರಿ ಮಾಡಿಸಲು ಬಂದು ಮೂಲೆಯಲ್ಲಿ ಕುಳಿತಿದ್ದ ಹಾವೇರಿ ಕಡೆಯ ಹಿರಿಯ ಪೇಟಿ ಮಾಸ್ತರರು ಇನ್ನೊಮ್ಮೆ ಹಚ್ಚಲು ಹೇಳಿದರು. ಎಲ್ಲರ ಕಿವಿಗೂ ಅದು ಹಿತವಾಗುತ್ತದೆಂದು ನಾನು ಭರವಸೆ ಕೊಡಲಾರೆ. ಜೀವಮಾನವಿಡೀ ಸಪ್ತಕದಲ್ಲಿ ಪಳಗಿದ ಕಿವಿಗೆ ಸಮಯ ಬೇಕಾಗುತ್ತದೆ.

ಮರುವಾರ ಅವನು ಹೊಸ ಉಪಾಯದೊಂದಿಗೆ ಬಂದ. ತಂತಿಯನ್ನು ನಟ್ಟನಡುವೆ ಮೀಟಿದರೆ ಸಮ ಪಟ್ಟಿನ ಉಪಸ್ವರಗಳು ಹುಟ್ಟುವುದಿಲ್ಲ, ಆದ್ದರಿಂದ ತಂಬೂರಿಯನ್ನೇ ಹಾಗೆ ಮೀಟೋಣ ಎಂಬುದು ಅವನ ವಾದ. ಓದಿದ್ದು ಸರಿ, ಆದರೆ ತಂಬೂರಿಗೆ ಅದು ಸಲ್ಲುವುದಿಲ್ಲ. ಮೀಟಿದ ಜಾಗದಲ್ಲಿ ಅಡಗಬೇಕಾದ ಉಪಸ್ವರಗಳೂ ತಂಬೂರಿಯಲ್ಲಿ ಕೇಳಿಸುತ್ತವೆ ಎಂಬುದನ್ನು ಸಿ. ವಿ. ರಾಮನ್ 1921ರಲ್ಲಿಯೇ ಬರೆದಿದ್ದಾರೆ. ಅಗಲವಾದ ಕುದುರೆಯ ಬಾಗು ಮತ್ತು ಅದರ ಮೇಲಿನ ದಾರ, ಅಂದರೆ ನಾವು ದಿನವಿಡೀ ಉಜ್ಜಿ ತಿದ್ದುವ ಆ ಜವಾರಿಯೇ, ಅವನ್ನು ಮತ್ತೆ ಹುಟ್ಟಿಸುತ್ತದೆ. ಹೀಗಾಗಿ ಒಂದು ಹಲಗೆಗೆ ಉಕ್ಕಿನ ತಂತಿಯೊಂದನ್ನು ಬಿಗಿದು, ಕೆಳಗೆ ಕತ್ತಿಯ ಅಲಗಿನಷ್ಟು ಸಣ್ಣ ಕುದುರೆಯಿಟ್ಟು, ನಟ್ಟನಡುವೆ ಸುಣ್ಣದ ಗುರುತು ಮಾಡಿ ಕೊಟ್ಟೆ. ಗುರುತಿನ ಮೇಲೆಯೇ ಬೆರಳು ಬಿದ್ದರೆ ಸಪ್ತಕ ಬಹುಮಟ್ಟಿಗೆ ಹಿಂದೆ ಸರಿಯುತ್ತದೆ, ಎರಡು ಬೆರಳು ಆಚೆ ಬಿದ್ದರೆ ಮರಳಿ ಬರುತ್ತದೆ. ಆ ತಂತಿಯ ನಾದದ ಮೇಲೆ ಅವನು ಈಗ ಹಾಡಲು ಕಲಿಯುತ್ತಿದ್ದಾನೆ. ಆರನೆಯ ಮೆಟ್ಟಿಲು ಗಂಟಲಿಗೆ ಕುಳಿತಿದೆ, ಹತ್ತನೆಯದೂ ಹತ್ತರಲ್ಲಿ ಏಳು ಸಲ ಸಿಗುತ್ತದೆ. ಎಂಟನೆಯದಕ್ಕೆ ಬಂದಾಗ ಮಾತ್ರ ಧ್ವನಿ ಇನ್ನೂ ತಾರ ಷಡ್ಜಕ್ಕೆ ಜಾರುತ್ತದೆ.