ಇಂಜಿನ್ ಹೊತ್ತ ರಬ್ಬರು

ಮಿಕ್ಸಿಯ ಅಡಿಯ ರಬ್ಬರ್ ಕಾಲುಗಳಲ್ಲಿ ಒಂದು ಕಳಚಿಹೋದ ದಿನ ಚಟ್ನಿ ರುಬ್ಬಿ ನೋಡಿ. ಕಟ್ಟೆಯ ಮೇಲಿನ ಲೋಟ, ಚಮಚಗಳೆಲ್ಲ ಕುಣಿಯತೊಡಗುತ್ತವೆ. ಮೋಟರು ನಿನ್ನೆ ಇದ್ದಂತೆಯೇ ಇದೆ. ಅದರ ಅದುರನ್ನು ನುಂಗುತ್ತಿದ್ದ ರಬ್ಬರು ಮಾತ್ರ ಇಲ್ಲ. ಹಳೆಯ ಪೋರ್ಶೆ 944 ಕಾರು ಇಟ್ಟುಕೊಂಡವರಿಗೆ ಕಾಡುವ ತೊಂದರೆಯೂ ಇದೇ ಜಾತಿಯದು. ಸಿಗ್ನಲ್ಲಿನಲ್ಲಿ ನಿಂತರೆ ಸ್ಟೀರಿಂಗು ನಡುಗುತ್ತದೆ, ಕನ್ನಡಿಯೊಳಗಿನ ಹಿಂದಿನ ಗಾಡಿ ಮಸುಕಾಗುತ್ತದೆ. ವೇಗ ಹಿಡಿದೊಡನೆ ನಡುಕ ಇಳಿಯುತ್ತದೆ. ಪ್ಲಗ್ ಬದಲಿಸಿ, ಟ್ಯೂನಿಂಗ್ ಮಾಡಿಸಿ, ದುಡ್ಡು ಕಳೆದುಕೊಂಡ ಮೇಲೆ ಯಾರೋ ಒಬ್ಬರು ಕೆಳಗೆ ಬಗ್ಗಿ ನೋಡುತ್ತಾರೆ: ಇಂಜಿನ್ ಮೌಂಟಿಂಗ್, ಅಂದರೆ ಇಂಜಿನ್ನನ್ನು ಹೊತ್ತ ರಬ್ಬರಿನ ಆಸರೆ, ಕುಸಿದು ಕೂತಿದೆ.

1982ರಿಂದ 1991ರವರೆಗೆ ತಯಾರಾದ ಈ ಜರ್ಮನ್ ಕಾರಿಗೆ ಮೊದಲು ಬಂದದ್ದು 2,479 ಸಿಸಿಯ ಇಂಜಿನ್. ಸಿಲಿಂಡರುಗಳು ನಾಲ್ಕೇ. ಅಂದರೆ ಒಂದೊಂದೂ 620 ಸಿಸಿಯ ಆಸುಪಾಸು. ನಮ್ಮ 350ರ ಬುಲೆಟ್ಟಿನ ಸಿಲಿಂಡರೂ ಅದರ ಮುಂದೆ ಚಿಕ್ಕದು. ಎರಡು ಪಿಸ್ಟನ್ ಮೇಲೇರುವಾಗ ಇನ್ನೆರಡು ಕೆಳಗಿಳಿಯುತ್ತವೆ, ಹಾಗಾಗಿ ಲೆಕ್ಕ ಸರಿಹೋಗಬೇಕು ಅನ್ನಿಸುತ್ತದೆ. ಹೋಗುವುದಿಲ್ಲ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಟವಾಗಿಸುವ ದಂಡವೇ ಕ್ರ್ಯಾಂಕ್. ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿ ತೂಗುವುದರಿಂದ, ಕ್ರ್ಯಾಂಕ್ ಕಾಲು ಸುತ್ತು ತಿರುಗುವಷ್ಟರಲ್ಲೇ ಮೇಲಿನ ಪಿಸ್ಟನ್ ಅರ್ಧದಾರಿ ದಾಟಿರುತ್ತದೆ, ಕೆಳಗಿನದು ಇನ್ನೂ ಅರ್ಧವನ್ನು ಮುಟ್ಟಿರುವುದಿಲ್ಲ. ಈ ಹೊಂದಾಣಿಕೆಯಿಲ್ಲದ ಓಟದಿಂದಾಗಿ ಪ್ರತಿ ಸುತ್ತಿಗೆ ಎರಡು ಸಲ ಇಂಜಿನ್ ಮೇಲೆ ಕೆಳಗೆ ಅದುರುತ್ತದೆ. ಇಂಜಿನ್ ದೊಡ್ಡದಾದಷ್ಟೂ ಅದುರು ಜೋರು. ಇದಕ್ಕೆ ಮದ್ದು ಕಂಡುಕೊಂಡವರು ಬ್ರಿಟನ್ನಿನ ಫ್ರೆಡರಿಕ್ ಲಾಂಚೆಸ್ಟರ್: ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ತಿರುಗುವ, ಒಂದು ಬದಿಗೆ ತೂಕವಿಟ್ಟ ಜೋಡಿ ದಂಡಗಳು. 944ರಲ್ಲಿ ಇರುವುದೂ ಅಂಥ ದಂಡಗಳೇ. ಆದರೆ ಆ ವಿನ್ಯಾಸಕ್ಕೆ ಪೋರ್ಶೆ ಲೈಸೆನ್ಸ್ ಪಡೆದದ್ದು ಜಪಾನಿನ ಮಿತ್ಸುಬಿಶಿಯಿಂದ. ಸ್ಪೋರ್ಟ್ಸ್ ಕಾರಿನ ಅಭಿಮಾನಿಗಳು ಈ ವಿಷಯವನ್ನು ಅಷ್ಟಾಗಿ ಎತ್ತುವುದಿಲ್ಲ!

ಜೋಡಿ ದಂಡಗಳಿದ್ದೂ ಒಂದು ಕಾಟ ಉಳಿಯುತ್ತದೆ. ಇಂಧನ ಉರಿದು ಕ್ರ್ಯಾಂಕನ್ನು ಒಂದು ದಿಕ್ಕಿಗೆ ನೂಕಿದಾಗಲೆಲ್ಲ ಇಂಜಿನ್ನಿನ ಮೈ ಎದುರು ದಿಕ್ಕಿಗೆ ವಾಲುತ್ತದೆ. ನಿಂತ ಗಾಡಿಯಲ್ಲಿ ಇಂಜಿನ್ ನಿಮಿಷಕ್ಕೆ 840 ಸುತ್ತು ಹಾಕುತ್ತಿದ್ದರೆ ಸೆಕೆಂಡಿಗೆ 14 ಸುತ್ತು, 28 ನೂಕು. ಇದನ್ನು ತಡೆಯಬೇಕಾದದ್ದು ಮೌಂಟಿಂಗು.

ಗಟ್ಟಿಯಾಗಿ ಹಿಡಿದರೆ ತಡೆಯಬಹುದು ಎಂದುಕೊಂಡಿರೋ, ಅಲ್ಲೇ ಎಡವುವುದು. ರಬ್ಬರಿನ ಮೇಲೆ ಕೂತ ಇಂಜಿನ್ನನ್ನು ಒಮ್ಮೆ ತಟ್ಟಿ ಬಿಟ್ಟರೆ ಅದು ತನ್ನದೇ ಲಯದಲ್ಲಿ ತೂಗುತ್ತದೆ. ಆ ಲಯ ಸೆಕೆಂಡಿಗೆ 10 ಬಾರಿ ಎಂದಿಟ್ಟುಕೊಳ್ಳಿ. ಆಗ 28ರ ನೂಕಿನಲ್ಲಿ ಸುಮಾರು ಏಳನೇ ಒಂದು ಪಾಲು ಮಾತ್ರ ಕಾರಿನ ಮೈಗೆ ದಾಟುತ್ತದೆ. ಮಿಕ್ಕಿದ್ದಕ್ಕೆ ಇಂಜಿನ್ ತಾನೇ ಅಲುಗಾಡಿ ಸುಮ್ಮನಾಗುತ್ತದೆ. ಈಗ ರಬ್ಬರು ನಾಲ್ಕು ಪಟ್ಟು ಬಿಗಿಯಾಯಿತು ಅನ್ನಿ. ಲಯ ಇಮ್ಮಡಿಸಿ 20 ಆಗುತ್ತದೆ, ನೂಕು ಹೆಚ್ಚುಕಡಿಮೆ ಇಡಿಯಾಗಿ ದಾಟುತ್ತದೆ. ಲೋಹಕ್ಕೆ ಲೋಹ ತಾಗಿದರಂತೂ ಮೌಂಟಿಂಗ್ ಇದ್ದೂ ಇಲ್ಲದ ಹಾಗೆ.

ಇಂಜಿನ್ನನ್ನು ಅಲುಗಾಡಲು ಬಿಡಬೇಕು ಎಂಬ ಯೋಚನೆಯನ್ನು ಅಮೆರಿಕದ ಕ್ರೈಸ್ಲರ್ 1931ರ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ಹೆಸರಿನಲ್ಲಿ ಮಾರಿತು. ಅದರ ಹಕ್ಕು ಕೊಂಡ ಫ್ರಾನ್ಸಿನ ಸಿಟ್ರೊಯೆನ್ ತನ್ನ ಕಾರುಗಳ ಮೂತಿಯ ಮೇಲೆ ತೇಲುವ ಹಂಸದ ಲಾಂಛನವನ್ನೇ ಅಂಟಿಸಿತು. ಒಂದು ರಬ್ಬರ್ ತುಂಡಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಎಲ್ಲಿ ಸಿಕ್ಕೀತು?

ಆದರೆ ಬರೀ ಮೆತ್ತಗಿದ್ದರೆ ಹೊಂಡಕ್ಕೆ ಬಿದ್ದಾಗ ಇಂಜಿನ್ ಕುಪ್ಪಳಿಸಿಬಿಡುತ್ತದೆ. ಅದಕ್ಕಾಗಿ 944ರ ಮೌಂಟಿಂಗಿನ ಹೊಟ್ಟೆಯಲ್ಲಿ ದ್ರವ ತುಂಬಿದ್ದಾರೆ. ದೊಡ್ಡ ಕುಲುಕಾಟಕ್ಕೆ ದ್ರವ ಒಂದು ಕೋಣೆಯಿಂದ ಇನ್ನೊಂದಕ್ಕೆ ಕಿರುದಾರಿಯಲ್ಲಿ ಹರಿಯಬೇಕಾಗಿ ಬಂದು ಕುಣಿತ ಬೇಗ ಅಡಗುತ್ತದೆ. ಒಳಗೊಳಗಿನ ಸಣ್ಣ ಅದುರನ್ನು ರಬ್ಬರೇ ನೋಡಿಕೊಳ್ಳುತ್ತದೆ. ವರ್ಷಗಟ್ಟಲೆ ಭಾರ ಹೊತ್ತು, ಎಕ್ಸಾಸ್ಟ್ ಕಡೆಯ ಬಿಸಿಗೆ ಬೆಂದು, ಎಣ್ಣೆ ಕುಡಿದು ರಬ್ಬರ್ ಸೀಳಿದಾಗ ದ್ರವ ಸೋರುತ್ತದೆ. ಕೆಳಗಿನ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಮೇಲೆ ಕಪ್ಪು ಕಲೆ ಕಂಡರೆ ಬೇರೆ ಸಾಕ್ಷಿ ಬೇಡ. ಗಾಡಿ ಓಡಿಸದೆ ಶೆಡ್ಡಿನಲ್ಲಿ ಮುಚ್ಚಿಟ್ಟರೆ ಉಳಿಯುತ್ತದೆ ಎಂದೂ ಇಲ್ಲ. ಗಾಳಿಯ ಆಕ್ಸಿಜನ್, ಓಜೋನ್ ಸುಮ್ಮನೆ ಕೂತ ರಬ್ಬರನ್ನೂ ಬಿರುಕು ಬಿಡಿಸುತ್ತವೆ. ‘ಹಳೇ ಸ್ಟಾಕು, ಒರಿಜಿನಲ್ಲು, ಡಬ್ಬಿಯೇ ಒಡೆದಿಲ್ಲ’ ಎನ್ನುವ ಮಾತಿಗೆ ಮರುಳಾಗದಿರುವುದು ಈ ಕಾರಣಕ್ಕೇ ಒಳ್ಳೆಯದು.

ಬದಲಿಸುವಾಗ ಇಂಜಿನ್ನಿನ ಭಾರವನ್ನು ಮೇಲಿನಿಂದ, ಎರಡೂ ಮಡ್‌ಗಾರ್ಡುಗಳ ಅಂಚಿಗೆ ಅಡ್ಡಲಾಗಿ ಇಟ್ಟ ಕಂಬಿಗೆ ತೂಗುಹಾಕುವುದು ಕ್ಷೇಮ. ಅಡಿಯಿಂದ ನೇರವಾಗಿ ಜ್ಯಾಕ್ ಕೊಟ್ಟರೆ ಇಂಜಿನ್ ಆಯಿಲ್ ನಿಲ್ಲುವ ಅಲ್ಯೂಮಿನಿಯಮ್ಮಿನ ತಟ್ಟೆ, ಆಯಿಲ್ ಸಂಪ್, ಬಿರುಕು ಬಿಡಬಹುದು. ಎತ್ತುತ್ತಾ ಹೋದಂತೆ ರೇಡಿಯೇಟರ್ ಪೈಪು, ವೈರುಗಳ ಮೇಲೂ ಕಣ್ಣಿರಬೇಕು. ಒಂದೇ ಕಡೆ ಹಾಳಾಗಿದ್ದರೂ ಎರಡನ್ನೂ ಬದಲಿಸುವುದು ವಾಡಿಕೆ. ಹಳೆಯದನ್ನು ಹೊಸದರ ಪಕ್ಕ ಇಟ್ಟಾಗ ಎತ್ತರದ ವ್ಯತ್ಯಾಸ ನೋಡಿದರೆ ಏಕೆಂದು ತಿಳಿಯುತ್ತದೆ. ಬೋಲ್ಟುಗಳನ್ನು ಮೊದಲೇ ಬಿಗಿದುಬಿಡಬಾರದು. ಇಂಜಿನ್ ತನ್ನ ಭಾರದಲ್ಲಿ ತಾನೇ ನೆಲೆ ನಿಂತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ಹೊಸ ರಬ್ಬರು ಮೊದಲ ದಿನವೇ ತಿರುಚಿಕೊಂಡು ಕೂರುತ್ತದೆ.

ಈ ಹಂತದಲ್ಲಿ ‘ಪಾಲಿಯುರೆಥೇನ್ ಹಾಕಿಸಿ, ಜನ್ಮಕ್ಕಾಗುತ್ತೆ’ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಅದು ರಬ್ಬರಿಗಿಂತ ಬಿಗಿಯಾದ ಪ್ಲಾಸ್ಟಿಕ್ಕು. ರೇಸಿಗಾದರೆ ಸರಿ, ಇಂಜಿನ್ ಕದಲುವುದಿಲ್ಲ. ದಿನನಿತ್ಯದ ಓಡಾಟಕ್ಕೆ ನನಗಂತೂ ಬೇಡ. ಆ ನಾಲ್ಕು ಪಟ್ಟಿನ ಲೆಕ್ಕವನ್ನು ನೆನೆಸಿಕೊಂಡರೆ ಸಾಕು.

ಹೊಸ ಮೌಂಟಿಂಗ್ ಕೂತ ಮೇಲೂ, ಕೀ ತಿರುಗಿಸಿ ಇಂಜಿನ್ ನಿಲ್ಲಿಸುವಾಗ ಗಾಡಿ ಒಮ್ಮೆ ಮೈ ಕೊಡವುತ್ತದೆ. ಕೆಲಸ ಸರಿಯಾಗಲಿಲ್ಲ ಎಂದು ಮೆಕ್ಯಾನಿಕ್ಕನ ಬಳಿ ಓಡಬೇಕಿಲ್ಲ. 840ರಿಂದ ಸೊನ್ನೆಗೆ ಇಳಿಯುವ ಇಂಜಿನ್ 300ನ್ನು ದಾಟಲೇಬೇಕು. ಆ ಗಳಿಗೆಯಲ್ಲಿ ಅದರ ನೂಕು ಸೆಕೆಂಡಿಗೆ ಸರಿಯಾಗಿ ಹತ್ತು, ರಬ್ಬರಿನ ಮೇಲೆ ಅದು ತೂಗುವ ಲಯವೂ ಅದೇ.